ಜಠರಾಗ್ನಿಯನ್ನು ಸೀಸೆಯಲ್ಲಿ ಹಿಡಿದ ಥಿಯೋಡೋರ್ ಷ್ವಾನ್

ಹಾಲು ಕುಡಿದು ಮಲಗಿದ ಎಳೆಮಗುವಿನ ಹೊಟ್ಟೆಯನ್ನು ಮೆಲ್ಲನೆ ಸವರುತ್ತ ಅಗಸ್ತ್ಯ ಮುನಿಗಳ ಹೆಸರು ಹೇಳುವ ಅಜ್ಜಿಯರನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬೇಕು. ಟಗರಾಗಿ ಬೆಂದು ಅತಿಥಿಗಳ ಹೊಟ್ಟೆ ಸೇರಿ, ಅಣ್ಣ ಕೂಗಿದೊಡನೆ ಹೊಟ್ಟೆ ಬಗಿದು ಹೊರಬರುತ್ತಿದ್ದ ವಾತಾಪಿಯನ್ನು ಅರಗಿಸಿಕೊಂಡು ಬಿಟ್ಟ ಮುನಿ ಅವರು. ಮಾಂಸವನ್ನು ಕರಗಿಸುವ ಆ ಶಕ್ತಿಗೆ ನಮ್ಮ ಹಿರಿಯರು ಜಠರಾಗ್ನಿಯೆಂದು ಹೆಸರಿಟ್ಟರು. ಆದರೆ ಆ ಅಗ್ನಿ ಎಂಥದು? ಜಠರವೂ ಮಾಂಸದ ಚೀಲವೇ ಆಗಿರುವಾಗ, ಟಗರಿನ ಮಾಂಸವನ್ನು ಕರಗಿಸಿದ್ದು ತನ್ನ ಮನೆಯ ಗೋಡೆಯನ್ನೇಕೆ ಕರಗಿಸುವುದಿಲ್ಲ?

ಈ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಕೊಟ್ಟವನು ಥಿಯೋಡೋರ್ ಷ್ವಾನ್ ಎಂಬ ಜರ್ಮನ್ ವೈದ್ಯ. ಆಗ ಅವನ ವಯಸ್ಸು 25. ಅದಾಗಿ ಮೂರು ವರ್ಷಗಳೊಳಗೆ, ಪ್ರಾಣಿಗಳ ಶರೀರವೆಲ್ಲ ಜೀವಕೋಶಗಳಿಂದಲೇ ಆದುದೆಂಬ ಸಿದ್ಧಾಂತವನ್ನು ಲೋಕಕ್ಕೆ ಕೊಟ್ಟವನೂ ಅವನೇ. ಶಾಲೆಯ ಪುಸ್ತಕಗಳಲ್ಲಿ ಅವನ ಹೆಸರು ಬರುವುದು ಈ ಎರಡನೆಯ ಕಾರಣಕ್ಕಾಗಿ. ನಮಗಾದರೋ ಅವನ ಎರಡು ಶೋಧಗಳು ಬೇರೆ ಬೇರೆಯಲ್ಲ. ಒಂದು ದಾರಿ ಹೊಟ್ಟೆಯಿಂದ ಹೊರಟಿತು, ಇನ್ನೊಂದು ಸೂಕ್ಷ್ಮದರ್ಶಕದಿಂದ. ಅವನು ತೀರಿಕೊಂಡು ಮುಕ್ಕಾಲು ಶತಮಾನ ಕಳೆಯುವ ಹೊತ್ತಿಗೆ ಅವೆರಡೂ ಒಂದೇ ಜೀವಕೋಶದೊಳಗೆ ಕೂಡಿದವು. ಅಲ್ಲಿಂದ ಕ್ಯಾನ್ಸರ್ ರೋಗದ ಬಾಗಿಲವರೆಗೆ ನಡೆದವು.

ಷ್ವಾನನು ಹುಟ್ಟಿದ್ದು 1810ನೆಯ ಇಸವಿ ಡಿಸೆಂಬರ್ 7ರಂದು, ರೈನ್ ನದಿಯ ಸೀಮೆಯಲ್ಲಿ ಡ್ಯುಸೆಲ್‌ಡಾರ್ಫ್ ನಗರಕ್ಕೆ ಸಮೀಪದ ನಾಯ್ಸ್ ಎಂಬ ಊರಿನಲ್ಲಿ. ತಂದೆ ಅಕ್ಕಸಾಲಿ, ಮುಂದೆ ಮುದ್ರಣಾಲಯವನ್ನೂ ನಡೆಸಿದನು. ಹುಡುಗನು ಕೊಲೋನಿನಲ್ಲಿ ಜೆಸ್ಯುಯಿಟ್ ಪಾದ್ರಿಗಳು ಸ್ಥಾಪಿಸಿದ ಶಾಲೆಯಲ್ಲಿ ಓದಿದನು. ಮೆದು ಸ್ವಭಾವ, ಸಂಕೋಚ, ಗಾಢವಾದ ದೈವಭಕ್ತಿ. ಬಾನ್ ವಿಶ್ವವಿದ್ಯಾಲಯಕ್ಕೆ 1829ರಲ್ಲಿ ಬಂದಾಗ ಯೊಹಾನೆಸ್ ಮ್ಯುಲರ್ ಎಂಬ ಗುರು ದೊರೆಯದೆ ಹೋಗಿದ್ದರೆ ಅವನ ಹೆಸರು ಇಂದು ಯಾರಿಗೆ ತಿಳಿದಿರುತ್ತಿತ್ತೋ! ಮ್ಯುಲರನು ಆ ಕಾಲದ ಶರೀರವಿಜ್ಞಾನಿಗಳ ಗುರುಪೀಠದಲ್ಲಿದ್ದವನು. ಒಳ್ಳೆಯ ಶಿಷ್ಯರನ್ನು ಗುರುತಿಸುವ ಕಣ್ಣು ಅವನಿಗಿತ್ತು. ಗುರು ಬರ್ಲಿನ್ನಿಗೆ ಹೋದಾಗ ಶಿಷ್ಯನೂ ವ್ಯೂರ್ಟ್ಸ್‌ಬುರ್ಗಿನಲ್ಲಿ ಕೆಲಕಾಲ ಓದಿ ಬರ್ಲಿನ್ನಿಗೇ ನಡೆದನು. ಕೋಳಿಮೊಟ್ಟೆಯೊಳಗಿನ ಭ್ರೂಣ ಬೆಳೆಯಲು ಆಮ್ಲಜನಕ ಬೇಕೇ ಬೇಕೆಂದು ತೋರಿಸಿ 1834ರಲ್ಲಿ ವೈದ್ಯ ಪದವಿಯನ್ನು ಪಡೆದನು. ಆಮೇಲೆ ಮ್ಯುಲರನ ಅಂಗರಚನಾ ಸಂಗ್ರಹಾಲಯದಲ್ಲಿ ಸಹಾಯಕನಾದನು. ಸಂಬಳ ಅಲ್ಪ. ಅಲ್ಲಿಂದ ಐದೇ ವರ್ಷ. ಲೋಕ ಇಂದು ಅವನನ್ನು ನೆನೆಯುವುದೆಲ್ಲ ಆ ಐದು ವರ್ಷಗಳ ಫಲ.

ಜೀರ್ಣಕ್ರಿಯೆಯ ವಿಷಯದಲ್ಲಿ ಅಂದಿನವರಿಗೆ ಏನೂ ತಿಳಿದಿರಲಿಲ್ಲವೆಂದಲ್ಲ. ಇಟಲಿಯ ಸ್ಪಲ್ಲಂಜಾನಿ ಎಂಬ ಪಾದ್ರಿ ಹದಿನೆಂಟನೆಯ ಶತಮಾನದಲ್ಲಿಯೇ ಬಟ್ಟೆಯ ಪುಟ್ಟ ಚೀಲಗಳಲ್ಲಿ ಆಹಾರವನ್ನು ಕಟ್ಟಿ ತಾನೇ ನುಂಗಿ ಪರೀಕ್ಷೆ ಮಾಡಿದ್ದನು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ಪ್ರೌಟ್ 1824ರಲ್ಲಿ ಹೇಳಿದ್ದನು. ಅಮೆರಿಕದ ಸೇನಾವೈದ್ಯ ಬೋಮಾಂಟನಿಗಂತೂ, ಗುಂಡಿನೇಟಿನಿಂದ ಹೊಟ್ಟೆಯಲ್ಲಿ ಮಾಯದ ತೂತುಳಿದ ಸೇಂಟ್ ಮಾರ್ಟಿನ್ ಎಂಬ ಬಡ ಕೂಲಿಯೊಬ್ಬನು ಸಿಕ್ಕಿದ್ದನು. ಆ ತೂತಿನೊಳಗೆ ದಾರ ಕಟ್ಟಿದ ಮಾಂಸದ ತುಂಡುಗಳನ್ನು ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗಿದವೆಂದು ಎಳೆದು ನೋಡಿದ ವೃತ್ತಾಂತವನ್ನು ಅವನು 1833ರಲ್ಲಿ ಅಚ್ಚುಮಾಡಿಸಿದನು. ಆಮ್ಲವೊಂದೇ ಈ ಕೆಲಸವನ್ನು ಮಾಡಲಾರದು, ಬೇರೆ ಏನೋ ಒಂದು ಇದೆ ಎಂಬ ಅನುಮಾನ ಹಲವರಿಗಿತ್ತು. ಆ ಏನೋ ಒಂದನ್ನು ಕೈಗೆ ತಂದುಕೊಂಡವರು ಮಾತ್ರ ಯಾರೂ ಇರಲಿಲ್ಲ.

ಷ್ವಾನನು ಮಾಡಿದ್ದು ಅಡಿಗೆಮನೆಯ ಕೆಲಸದಷ್ಟೇ ಸರಳ. ದನದ ಜಠರದ ಒಳಪೊರೆಯನ್ನು ತೆಗೆದು ತೆಳುವಾದ ಆಮ್ಲದಲ್ಲಿ ನೆನೆಯಿಟ್ಟು ಸೋಸಿದನು. ಆ ತಿಳಿಯಾದ ನೀರಿನಲ್ಲಿ ಬೇಯಿಸಿದ ಮೊಟ್ಟೆಯ ಬಿಳಿಯ ತುಂಡುಗಳನ್ನು ಹಾಕಿ, ಮೈ ಬಿಸಿಯಷ್ಟೇ ಬೆಚ್ಚಗಿಟ್ಟನು. ತುಂಡುಗಳು ಅಂಚಿನಿಂದ ಸವೆಯುತ್ತ ಕರಗಿ ಹೋದವು. ಬರಿಯ ಆಮ್ಲದಲ್ಲಿಟ್ಟ ತುಂಡುಗಳು ಇದ್ದಂತೆಯೇ ಇದ್ದವು. ಸೋಸಿದ ನೀರಿನ ಹುಳಿಯನ್ನು ಕ್ಷಾರದಿಂದ ಮುರಿದರೆ ಅದರ ಶಕ್ತಿ ನಿಂತಿತು. ಅದನ್ನು ಒಮ್ಮೆ ಕುದಿಸಿದರೆ, ಆಮೇಲೆ ಎಷ್ಟು ಹುಳಿ ಸೇರಿಸಿದರೂ ಶಕ್ತಿ ಮರಳಲಿಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ ಅಳತೆಯ ಲೆಕ್ಕ. ಬಿಂದುವಿನಷ್ಟು ರಸ ಬೆಟ್ಟದಷ್ಟು ಮೊಟ್ಟೆಯನ್ನು ಕರಗಿಸುತ್ತಿತ್ತು. ಕರಗಿಸಿಯೂ ತಾನು ವೆಚ್ಚವಾಗುತ್ತಿರಲಿಲ್ಲ. ಸುಣ್ಣವೂ ಆಮ್ಲವೂ ಒಂದನ್ನೊಂದು ತಿಂದು ಮುಗಿಯುವ ರೀತಿಯ ವ್ಯಾಪಾರ ಇದಾಗಿರಲಿಲ್ಲ. ರಸದಿಂದ ಆ ವಸ್ತುವನ್ನು ಲವಣಗಳ ಸಹಾಯದಿಂದ ಪ್ರತ್ಯೇಕಿಸಿ, ಜೀರ್ಣವೆಂಬ ಅರ್ಥದ ಗ್ರೀಕ್ ಮಾತಿನಿಂದ 1836ರಲ್ಲಿ ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟನು. ಪ್ರಾಣಿಶರೀರದಿಂದ ದೊರೆತ ಮೊದಲನೆಯ ಕಿಣ್ವ ಇದು. ಕೋಲಾ ಸೀಸೆಗಳನ್ನು ವರ್ಷಗಟ್ಟಲೆ ಗಿರಾಕಿಗಳಿಗೆ ಕೊಟ್ಟ ನಮಗೆ, 1898ರಲ್ಲಿ ಅಮೆರಿಕದ ಔಷಧ ವ್ಯಾಪಾರಿಯೊಬ್ಬನು ತನ್ನ ಪಾನೀಯಕ್ಕಿಟ್ಟ ಪೆಪ್ಸಿ ಎಂಬ ಹೆಸರಿನಲ್ಲಿಯೂ ಅದೇ ಗ್ರೀಕ್ ಧಾತುವಿದೆಯೆಂದು ತಿಳಿದದ್ದು ಬಹಳ ತಡವಾಗಿ.

ಇಂದು ನಮಗೆ ಗೊತ್ತಿರುವುದಿಷ್ಟು. ಪ್ರೋಟೀನು, ಅಂದರೆ ಸಸಾರಜನಕ, ಮಣಿಸರದಂತೆ ಉದ್ದವಾದ ವಸ್ತು. ಪೆಪ್ಸಿನ್ ಆ ಸರವನ್ನು ತುಂಡುತುಂಡಾಗಿ ಕತ್ತರಿಸುತ್ತದೆ. ತಾನೂ ಪ್ರೋಟೀನೇ, ಅಮೆರಿಕದ ನಾರ್ತ್‌ರಪ್ 1930ರಲ್ಲಿ ಅದನ್ನು ಹರಳುಗಟ್ಟಿಸಿ ಹಾಗೆಂದು ತೋರಿಸಿದನು, 1946ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದನು. ಇನ್ನು ಜಠರವೇಕೆ ಉಳಿಯುತ್ತದೆ? ಜಠರದ ಗ್ರಂಥಿಗಳು ಪೆಪ್ಸಿನನ್ನು ಹರಿತವಾಗಿಯೇ ತಯಾರಿಸುವುದಿಲ್ಲ. ಪೆಪ್ಸಿನೊಜನ್ ಎಂಬ ರೂಪದಲ್ಲಿ, ಒರೆಯಲ್ಲಿಟ್ಟ ಕತ್ತಿಯಂತೆ, ಹೊರಗೆ ಬಿಡುತ್ತವೆ. ಜಠರದ ಹುಳಿ ತಾಕಿದಾಗ ಮಾತ್ರ ಒರೆ ಕಳಚುತ್ತದೆ. ಗೋಡೆಗೆ ಲೋಳೆಯ ದಪ್ಪ ಲೇಪವಿದೆ. ಆ ಲೇಪದಲ್ಲಿ ಹುಳಿಯನ್ನು ಮುರಿಯುವ ಕ್ಷಾರವಿದೆ. ಈ ಕಾವಲು ತಪ್ಪಿದ ಕಡೆ ಹುಣ್ಣಾಗುತ್ತದೆ. ಕತ್ತಿ ಎಷ್ಟು ಅಗತ್ಯವೋ ಒರೆಯೂ ಅಷ್ಟೇ ಅಗತ್ಯ. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಪೆಪ್ಸಿನ್ನಿನ ಬೆನ್ನಿಗೇ ಷ್ವಾನನು ಕೈಹಾಕಿದ್ದು ಹುದುಗುವಿಕೆಗೆ. ದೋಸೆಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಿ ಪಾತ್ರೆಯ ಮುಚ್ಚಳವನ್ನೆತ್ತುವುದನ್ನು ದಿನವೂ ಕಂಡರೂ, ಅದೇಕೆ ಉಬ್ಬುತ್ತದೆಂದು ನಾವು ಹೋಟೆಲು ನಡೆಸಿದ ಅಷ್ಟು ಕಾಲವೂ ಯೋಚಿಸಿದ್ದಿಲ್ಲ. ಷ್ವಾನನು ಸಕ್ಕರೆಯ ನೀರಿನಲ್ಲಿ ಮದ್ಯ ಹುಟ್ಟಿಸುವ ಯೀಸ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದನು. ಅದು ಮೊಗ್ಗೊಡೆದು ಬೆಳೆಯುತ್ತಿತ್ತು. ಅದು ಜಡವಸ್ತುವಲ್ಲ, ಜೀವವುಳ್ಳ ಸಸ್ಯ. ಸಕ್ಕರೆಯನ್ನುಂಡು ಮದ್ಯವನ್ನೂ ಇಂಗಾಲಾಮ್ಲವನ್ನೂ ಹೊರಹಾಕುವುದು ಅದರ ಬದುಕಿನ ಕ್ರಮ ಎಂದು 1837ರಲ್ಲಿ ಪ್ರಕಟಿಸಿದನು. ಚೆನ್ನಾಗಿ ಕುದಿಸಿದ ಮಾಂಸದ ಸಾರಿಗೆ ಕಾಯಿಸಿದ ಗಾಳಿಯನ್ನಷ್ಟೇ ಬಿಟ್ಟರೆ ಅದು ಕೊಳೆಯುವುದಿಲ್ಲವೆಂದೂ ತೋರಿಸಿದನು. ಫ್ರಾನ್ಸಿನ ಪಾಸ್ಚರನು ಇದೇ ದಾರಿಯಲ್ಲಿ ನಡೆದು ಜಗದ್ವಿಖ್ಯಾತನಾದದ್ದು ಇಪ್ಪತ್ತು ವರ್ಷಗಳ ಮೇಲೆ.

ಆದರೆ ರಸಾಯನಶಾಸ್ತ್ರದ ದೊಡ್ಡವರು ಒಪ್ಪಲಿಲ್ಲ. ಲೀಬಿಗ್ ಮತ್ತು ವ್ಯೋಲರ್ ಎಂಬಿಬ್ಬರು ಅಂದಿನ ಜರ್ಮನಿಯಲ್ಲಿ ಆ ಶಾಸ್ತ್ರದ ದಿಗ್ಗಜಗಳು. ತಮ್ಮದೇ ಪತ್ರಿಕೆಯಲ್ಲಿ 1839ರಲ್ಲಿ ಲೇಖಕರ ಹೆಸರಿಲ್ಲದ ಒಂದು ವಿಡಂಬನೆಯನ್ನು ಅಚ್ಚುಹಾಕಿದರು. ಯೀಸ್ಟ್ ಎಂಬುದು ಭಟ್ಟಿಯ ಪಾತ್ರೆಯ ಆಕಾರದ ಪುಟ್ಟ ಪ್ರಾಣಿಯಂತೆ. ಅದು ಸಕ್ಕರೆಯನ್ನು ಗಬಗಬನೆ ತಿನ್ನುವುದಂತೆ. ಹಿಂಬದಿಯಿಂದ ಮದ್ಯವನ್ನೂ ಮೂತ್ರದ್ವಾರದಿಂದ ಗಾಳಿಯನ್ನೂ ಬಿಡುವುದಂತೆ. ಪತ್ರಿಕೆ ನಡೆಸುವ ನಾವು ಒಂದು ಮಾತು ಹೇಳಬೇಕು. ವಾದದಿಂದ ಸೋಲಿಸಲಾಗದವನನ್ನು ನಗೆಯಿಂದ ಕೆಡಹುವ ಕೆಲಸ ಸಂಪಾದಕನಿಗೆ ಸುಲಭ, ಆದರೆ ಶೋಭಿಸುವಂಥದಲ್ಲ. ಅದೂ ಎದುರಿಗಿರುವವನು ಸಂಕೋಚದ ತರುಣನಾಗಿರುವಾಗ! ಪ್ರಷ್ಯದಲ್ಲಿ ಷ್ವಾನನಿಗೆ ಪ್ರಾಧ್ಯಾಪಕ ಪದವಿ ದೊರೆಯಲಿಲ್ಲ.

ನಗೆಯಾಡಿದವರ ಮಾತಿನಲ್ಲಿಯೂ ಒಂದು ಎಳೆ ಸತ್ಯವಿತ್ತೆಂಬುದನ್ನು ಇಲ್ಲಿ ಮುಚ್ಚಿಡಬಾರದು. ಹುದುಗುವಿಕೆ ರಾಸಾಯನಿಕ ಕ್ರಿಯೆಯೆಂದು ಅವರ ವಾದ. ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವವಿಲ್ಲದ ರಸವೂ ಸಕ್ಕರೆಯನ್ನು ಮದ್ಯವಾಗಿಸುತ್ತದೆಂದು ಬುಖ್ನರ್ ಎಂಬವನು 1897ರಲ್ಲಿ ತೋರಿಸಿದನು. ಎಂದರೆ ಕೆಲಸ ಮಾಡುವುದು ಕಿಣ್ವ, ಅದನ್ನು ಹುಟ್ಟಿಸಿ ಇಟ್ಟುಕೊಳ್ಳುವುದು ಜೀವಕೋಶ. ವಿಚಿತ್ರವೇನೆಂದರೆ ಈ ಎರಡನ್ನೂ ಬೇರೆ ಬೇರೆಯಾಗಿ ಕಂಡವನು ಷ್ವಾನನೇ ಆಗಿದ್ದನು.

ಈಗ ಜೀವಕೋಶದ ಸಂಗತಿ. 1837ರ ಅಕ್ಟೋಬರಿನ ಒಂದು ದಿನ ಷ್ವಾನನು ಬರ್ಲಿನ್ನಿನಲ್ಲಿ ಶ್ಲೈಡನ್ ಎಂಬ ಸಸ್ಯವಿಜ್ಞಾನಿಯೊಡನೆ ಊಟಕ್ಕೆ ಕುಳಿತಿದ್ದನು. ಸಸ್ಯಗಳ ಕೋಶಗಳಲ್ಲಿ ಕಾಣುವ ದುಂಡಗಿನ ಕೇಂದ್ರವೊಂದರ ವಿಷಯವನ್ನು ಶ್ಲೈಡನ್ ಹೇಳತೊಡಗಿದನು. ಅಂಥದೇ ಕೇಂದ್ರವನ್ನು ತಾನು ಕಪ್ಪೆಯ ಗೊದಮೊಟ್ಟೆಗಳಲ್ಲಿ, ಬೆನ್ನೆಲುಬಿನ ಸ್ಥಾನದಲ್ಲಿ ಮೊದಲು ಮೂಡುವ ಮೆತ್ತನೆಯ ದಂಡದಲ್ಲಿ, ಕಂಡಿರುವೆನಲ್ಲ ಎಂದು ಷ್ವಾನನಿಗೆ ಥಟ್ಟನೆ ಹೊಳೆಯಿತು. ಇಬ್ಬರೂ ಎದ್ದು ನೇರವಾಗಿ ಅಂಗರಚನಾ ಶಾಲೆಗೆ ನಡೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡೂ ಒಂದೇ ಬಗೆಯವು! ಊಟದ ಮೇಜುಗಳಲ್ಲಿ ಎಷ್ಟೋ ಮಾತುಗಳು ಹುಟ್ಟಿ ಅಲ್ಲಿಯೇ ಸಾಯುವುದನ್ನು ನಾವು ಗಲ್ಲಾದ ಮೇಲೆ ಕುಳಿತು ಕಂಡಿದ್ದೇವೆ. ಆ ದಿನದ ಮಾತು ಮಾತ್ರ ಬದುಕಿತು. ಮುಂದೆ ಷ್ವಾನನು ಮೃದ್ವಸ್ಥಿ, ಎಲುಬು, ಚರ್ಮ, ಸ್ನಾಯು, ನರ ಎಂದು ಒಂದೊಂದನ್ನೂ ಬಿಡಿಸಿ ನೋಡಿ, ಎಲ್ಲವೂ ಜೀವಕೋಶಗಳಿಂದ ಆದವೆಂದು 1839ರಲ್ಲಿ ಗ್ರಂಥವನ್ನು ಪೂರ್ಣಗೊಳಿಸಿದನು. ನರದ ಎಳೆಗಳನ್ನು ಹೊದ್ದ ಕೋಶಗಳಿಗೆ ಇಂದಿಗೂ ಅವನ ಹೆಸರೇ ಇದೆ. ಗ್ರಂಥವನ್ನು ಹೊರತರುವ ಮುನ್ನ, ಧರ್ಮಕ್ಕೆ ವಿರೋಧವಾದುದೇನಾದರೂ ಇದೆಯೇ ಎಂದು ಮೆಷಲೆನ್ ನಗರದ ಆರ್ಚ್‌ಬಿಷಪ್ಪರ ಅವಲೋಕನಕ್ಕೆ ಹಸ್ತಪ್ರತಿಯನ್ನು ಒಪ್ಪಿಸಿದನು. ಅವನ ಮನಸ್ಸು ಅಂಥದು.

ಶಿಷ್ಯನ ಈ ಶೋಧ ಗುರುವಿಗೆ ಕೂಡಲೇ ಉಪಯೋಗಕ್ಕೆ ಬಂದಿತು. ಮ್ಯುಲರನು ಗೆಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕ್ಯಾನ್ಸರ್ ಗೆಡ್ಡೆಯೂ ಜೀವಕೋಶಗಳಿಂದಲೇ ಆದುದೆಂದು 1838ರಲ್ಲಿ ಬರೆದನು. ಅದು ಹೊರಗಿನಿಂದ ಬಂದ ವಿಷವಲ್ಲ, ಕೆಟ್ಟ ರಸದ ಗಂಟಲ್ಲ. ನಮ್ಮ ಶರೀರದ ಕೋಶಗಳಂಥವೇ ಹದ್ದುಮೀರಿ ಬೆಳೆದದ್ದು ಎಂಬ ತಿಳಿವಿಗೆ ದಾರಿ ತೆರೆದದ್ದು ಅಲ್ಲಿಂದ. ಷ್ವಾನನು ಒಂದು ವಿಷಯದಲ್ಲಿ ತಪ್ಪಿದನು: ಹೊಸ ಕೋಶಗಳು ಕೋಶಗಳ ಸುತ್ತಲಿನ ದ್ರವದಲ್ಲಿ ಹರಳಿನಂತೆ ತಾವಾಗಿ ಕಟ್ಟುತ್ತವೆಂದು ಅವನೆಣಿಸಿದ್ದನು. ಕೋಶ ಕೋಶದಿಂದಲೇ ಹುಟ್ಟುವುದೆಂದು 1855ರಲ್ಲಿ ಸಾರಿ ಆ ತಪ್ಪನ್ನು ತಿದ್ದಿದ ವಿರ್ಖೋವನೂ ಮ್ಯುಲರನ ಶಿಷ್ಯನೇ.

ಅದೇ 1839ರಲ್ಲಿ ಷ್ವಾನನು ಬೆಲ್ಜಿಯಂ ದೇಶದ ಲೂವೇನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದನು. 1848ರಲ್ಲಿ ಅಲ್ಲಿಂದ ಲಿಯೇಜಿಗೆ. ವಯಸ್ಸು 28 ತುಂಬಿದ್ದಾಗ ಜರ್ಮನಿಯನ್ನು ಬಿಟ್ಟವನು ಉಳಿದ ಆಯುಷ್ಯವೆಲ್ಲ ಪರನಾಡಿನಲ್ಲಿ, ಪರಭಾಷೆಯಲ್ಲಿ ಪಾಠ ಹೇಳುತ್ತ ಕಳೆದನು. ಮದುವೆಯಾಗಲಿಲ್ಲ. ದೊಡ್ಡ ಶೋಧಗಳೂ ಅಲ್ಲಿಗೆ ನಿಂತವು. ನಾಯಿಗಳ ಪಿತ್ತರಸವನ್ನು ಹೊರಕ್ಕೆ ಹರಿಯಬಿಟ್ಟರೆ ಅವು ಸೊರಗಿ ಸಾಯುತ್ತವೆಂದು 1844ರಲ್ಲಿ ತೋರಿಸಿದನು. ಕಲ್ಲಿದ್ದಲ ಗಣಿಗಳಲ್ಲಿ ವಿಷವಾಯುವಿಗೆ ಸಿಕ್ಕವರನ್ನು ರಕ್ಷಿಸಲು ಹೋಗುವವರಿಗಾಗಿ ಉಸಿರಾಟದ ಯಂತ್ರವೊಂದನ್ನು ರಚಿಸಿದನು. ಅಪಹಾಸ್ಯದ ಗಾಯವೇ ಅವನನ್ನು ಮೂಕನನ್ನಾಗಿಸಿತೆಂದು ಹೇಳುವವರಿದ್ದಾರೆ. ನಮಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. ಮ್ಯುಲರನ ಸಹವಾಸ, ಜೊತೆಗಾರರ ಉತ್ಸಾಹ, ಅವನ ಧ್ಯಾನಶೀಲ ಮನಸ್ಸು, ಇವೆಲ್ಲಕ್ಕೂ ಅದರಲ್ಲಿ ಪಾಲಿದ್ದಿರಬೇಕು.

ಅವನು ಅಂಜುಬುರುಕನೆಂದು ತಿಳಿದವರು ಲೂಯಿಸ್ ಲಾತೋ ಪ್ರಕರಣವನ್ನು ನೋಡಬೇಕು. ಬೆಲ್ಜಿಯಂ ದೇಶದ ಹಳ್ಳಿಯೊಂದರಲ್ಲಿ ಈ ಹುಡುಗಿಯ ಮೈಮೇಲೆ ಶುಕ್ರವಾರಗಳಂದು ಕ್ರಿಸ್ತನ ಗಾಯಗಳ ಸ್ಥಾನದಲ್ಲಿ ರಕ್ತ ಒಸರುವುದೆಂದು ಜನ ಮುಗಿಬಿದ್ದಿದ್ದರು. ಭಕ್ತನೂ ವಿಜ್ಞಾನಿಯೂ ಆದ ಷ್ವಾನನನ್ನು 1869ರಲ್ಲಿ ಅಲ್ಲಿಗೆ ಕರೆಸಲಾಯಿತು. ಅವನು ಪವಾಡವೆಂದು ಒಪ್ಪಿದನೆಂದು ಆಮೇಲೆ ಸುದ್ದಿ ಹಬ್ಬಿತು. ತಾನು ಹಾಗೆ ಹೇಳಿಲ್ಲವೆಂದು ಅವನು 1875ರಲ್ಲಿ ಪುಸ್ತಿಕೆಯನ್ನೇ ಅಚ್ಚುಹಾಕಿಸಿ ಸಾರಿದನು. ತನ್ನ ಮತದವರ ಬೈಗುಳಕ್ಕೆ ಗುರಿಯಾದರೂ ಹಿಂದೆಗೆಯಲಿಲ್ಲ.

ಅವನ ಎರಡು ದಾರಿಗಳು ಕೂಡಿದ ಕಥೆಯನ್ನು ಈಗ ಹೇಳಬೇಕು. ಅವನು ಪಾಠ ಹೇಳಿದ ಲೂವೇನ್ ವಿಶ್ವವಿದ್ಯಾಲಯದಲ್ಲಿಯೇ 1955ರಲ್ಲಿ ಕ್ರಿಶ್ಚಿಯನ್ ದ ದುವ್ ಎಂಬವರು, ಪ್ರಾಣಿಗಳ ಜೀವಕೋಶದೊಳಗೆ ಪುಟ್ಟ ಜಠರಗಳಂಥ ಚೀಲಗಳಿವೆಯೆಂದು ಪ್ರಕಟಿಸಿದರು; 1974ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಲೈಸೋಸೋಮ್ ಎಂದು ಆ ಚೀಲಗಳಿಗೆ ಹೆಸರು. ಒಳಗೆಲ್ಲ ಹುಳಿ, ಆ ಹುಳಿಯಲ್ಲಿ ಕೆಲಸ ಮಾಡುವ ಹಲವು ಕಿಣ್ವಗಳು. ಅವುಗಳಲ್ಲೊಂದು ಕ್ಯಾಥೆಪ್ಸಿನ್ ಡಿ. ಇದು ಪೆಪ್ಸಿನ್ನಿನ ವಂಶಕ್ಕೇ ಸೇರಿದ ದಾಯಾದಿ; ಕತ್ತರಿಸುವ ರೀತಿಯೂ ಅದೇ, ಒರೆಯಲ್ಲಿ ಬರುವ ಕ್ರಮವೂ ಅದೇ. ಕೋಶದೊಳಗೆ ಹಳತಾಗಿ ಸವೆದ ಪ್ರೋಟೀನುಗಳನ್ನು ತುಂಡರಿಸಿ, ಮಣಿಗಳನ್ನು ಮರುಬಳಕೆಗೆ ಒದಗಿಸುವುದು ಅದರ ನಿತ್ಯದ ಕೆಲಸ. ಈ ಕೆಲಸ ಎಷ್ಟು ಮುಖ್ಯವೆಂದರೆ, ಅಪರೂಪಕ್ಕೆ ಈ ಕಿಣ್ವವಿಲ್ಲದೆಯೇ ಹುಟ್ಟುವ ಶಿಶುಗಳ ಮೆದುಳಿನಲ್ಲಿ ಕಸ ತುಂಬಿ, ಸೆಳವು ಬಂದು, ಅವು ಬಹುಕಾಲ ಬದುಕುವುದಿಲ್ಲ.

ಆದರೆ ಅದೇ ಕಿಣ್ವ ಚೀಲದೊಳಗೆ ಉಳಿಯದಿದ್ದರೆ? ಫ್ರಾನ್ಸಿನ ಮೋಂಪೆಲಿಯೆ ನಗರದಲ್ಲಿ ರೋಶ್ಫೋರ್ ಮತ್ತು ಸಂಗಡಿಗರು 1980ರ ಸುಮಾರಿಗೆ ಸ್ತನದ ಕ್ಯಾನ್ಸರ್ ಕೋಶಗಳನ್ನು ಪರೀಕ್ಷಿಸುತ್ತಿದ್ದಾಗ, ಅವು ಒಂದು ಪ್ರೋಟೀನನ್ನು ಹೇರಳವಾಗಿ ಹೊರಕ್ಕೆ ಸುರಿಯುವುದನ್ನು ಕಂಡರು. ಅದು ಕ್ಯಾಥೆಪ್ಸಿನ್ ಡಿ ಎಂದು ಆಮೇಲೆ ತಿಳಿಯಿತು. ಗೆಡ್ಡೆಯಲ್ಲಿ ಇದು ಹೆಚ್ಚಾಗಿರುವ ಸ್ತ್ರೀಯರಲ್ಲಿ ರೋಗ ಬೇರೆ ಅಂಗಗಳಿಗೆ ಹರಡುವ ಸಂಭವ ಹೆಚ್ಚೆಂದು ಹಲವು ಪರಿಶೀಲನೆಗಳಲ್ಲಿ ಕಂಡಿದೆ. ಕೋಶಗಳ ನಡುವಿನ ಕಟ್ಟನ್ನು ಸಡಿಲಿಸಿಯೋ ಗೆಡ್ಡೆಯ ಬೆಳವಣಿಗೆಯನ್ನು ಪ್ರಚೋದಿಸಿಯೋ ಅದು ನೆರವಾಗುವುದೆಂದು ವಿಜ್ಞಾನಿಗಳ ಎಣಿಕೆ. ಕೊನೆಯ ಮಾತು ಇನ್ನೂ ಹೇಳಿಲ್ಲ. ಒಳಗಿದ್ದರೆ ಮನೆಯ ಆಳು, ಹೊರಬಿದ್ದರೆ ಕನ್ನಗಳ್ಳ. ಪೆಪ್ಸಿನ್ನಿನ ಮೂಲರೂಪವಾದ ಪೆಪ್ಸಿನೊಜನ್ ಕೂಡ ಕ್ಯಾನ್ಸರಿನ ವಿಷಯದಲ್ಲಿ ಸುಳಿವು ಕೊಡುತ್ತದೆ. ಅದು ಕಿಂಚಿತ್ತು ರಕ್ತದೊಳಗೂ ಸೇರುತ್ತದೆ. ಜಠರದ ಒಳಪೊರೆ ಬಹುಕಾಲದ ಉರಿಯೂತದಿಂದ ಸೊರಗಿದಾಗ ಅದರ ಪ್ರಮಾಣ ತಗ್ಗುತ್ತದೆ. ಅಂಥ ಜಠರದಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚು. ಜಪಾನಿನಲ್ಲಿ ವೈದ್ಯರು ರಕ್ತಪರೀಕ್ಷೆಯಿಂದ ಇದನ್ನು ತಿಳಿದು, ಯಾರ ಜಠರವನ್ನು ನಳಿಕೆ ಇಳಿಸಿ ನೋಡಬೇಕೆಂದು ಆರಿಸಿದ್ದಾರೆ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆಯಲು ಒಂದು ಕಾರಣವಿದೆ. ನಮ್ಮ ಹಳೆಯ ಗಿರಾಕಿಯೊಬ್ಬರು, ಮನೆಯವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದ ವಾರದಲ್ಲಿ, ಕಿಣ್ವದ ಗುಳಿಗೆಗಳ ಡಬ್ಬಿಯೊಂದನ್ನು ಹಿಡಿದು ಬಂದು, ಪತ್ರಿಕೆಯವರಿಗೆ ತಿಳಿದಿರಬೇಕೆಂಬ ನಂಬಿಕೆಯಿಂದ, ಇದರಿಂದ ಗೆಡ್ಡೆ ಅರಗುವುದೇ ಎಂದು ಕೇಳಿದರು. ಈ ಆಸೆ ಹಳೆಯದು. ಎಡಿನ್‌ಬರೋ ನಗರದ ಜಾನ್ ಬಿಯರ್ಡ್ ಎಂಬ ಭ್ರೂಣಶಾಸ್ತ್ರಜ್ಞನು, ಮಾಂಸವನ್ನು ಅರಗಿಸುವ ಕಿಣ್ವದಿಂದ ಕ್ಯಾನ್ಸರನ್ನು ಅರಗಿಸಬಹುದೆಂದು 1911ರಲ್ಲಿ ಗ್ರಂಥವನ್ನೇ ಬರೆದನು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ನಡೆಸಿ 2010ರಲ್ಲಿ ಅಚ್ಚಾದ ಪರೀಕ್ಷೆಯೊಂದರಲ್ಲಿ, ಮೇದೋಜೀರಕದ ಕ್ಯಾನ್ಸರ್ ಇದ್ದ 55 ಮಂದಿ ತಮತಮಗೆ ಬೇಕಾದ ಚಿಕಿತ್ಸೆಯನ್ನು ತಾವೇ ಆರಿಸಿಕೊಂಡರು. ಆಸ್ಪತ್ರೆಯ ರಾಸಾಯನಿಕ ಔಷಧವನ್ನು ಆರಿಸಿದ 23 ಮಂದಿಯಲ್ಲಿ ಅರ್ಧದಷ್ಟು ಜನ 14 ತಿಂಗಳು ದಾಟಿದರು. ಕಿಣ್ವದ ಗುಳಿಗೆ, ಪಥ್ಯ ಇತ್ಯಾದಿಗಳನ್ನು ಆರಿಸಿದ 32 ಮಂದಿಯಲ್ಲಿ ಅರ್ಧದಷ್ಟು ಜನ 4 ತಿಂಗಳು ಚಿಲ್ಲರೆಗೇ ತೀರಿಕೊಂಡರು. ಮೇದೋಜೀರಕ ಕೆಟ್ಟಾಗ ಊಟ ಅರಗಲೆಂದು ವೈದ್ಯರೇ ಕಿಣ್ವವನ್ನು ಕೊಡುವುದುಂಟು, ಅದು ಉಪಯುಕ್ತ. ಗೆಡ್ಡೆಯನ್ನು ಅರಗಿಸುವ ಮಾತು ಬೇರೆ. ನಾವು ಅವರಿಗೆ ಹೇಳಿದ್ದು ಡಬ್ಬಿಯನ್ನು ವೈದ್ಯರಿಗೆ ತೋರಿಸದೆ ತೆರೆಯಬೇಡಿರೆಂದು ಮಾತ್ರ.

ಷ್ವಾನನ ಕೊನೆಯ ವರ್ಷಗಳಲ್ಲಿ ಮರ್ಯಾದೆ ತಾನಾಗಿಯೇ ಹುಡುಕಿಕೊಂಡು ಬಂದಿತು. ಅವನ ಬೋಧನಕಾರ್ಯದ ನಾಲ್ವತ್ತನೆಯ ವರ್ಷವನ್ನು ಲಿಯೇಜಿನಲ್ಲಿ 1878ರಲ್ಲಿ ಆಚರಿಸಿದಾಗ, ನಾನಾ ದೇಶಗಳ 263 ವಿಜ್ಞಾನಿಗಳು ತಮ್ಮ ಭಾವಚಿತ್ರಗಳ ಸಂಪುಟವನ್ನು ಅವನಿಗೆ ಅರ್ಪಿಸಿದರು. ತನಗಿಂತ ಮೊದಲು ಆ ದಾರಿಯನ್ನು ತೆರೆದವನು ಷ್ವಾನನೇ ಎಂದು ಪಾಸ್ಚರನು ಒಪ್ಪಿಕೊಂಡನು. ಶ್ಲೈಡನ್ನನೊಡನೆ ಉಂಡ ಆ ಊಟದ ವೃತ್ತಾಂತವನ್ನು ಷ್ವಾನನು ಬಾಯಾರೆ ಹೇಳಿದ್ದು ಆ ಸಭೆಯಲ್ಲಿಯೇ. ಲಂಡನ್ನಿನ ರಾಯಲ್ ಸೊಸೈಟಿಯಾದರೋ 1845ರಲ್ಲಿಯೇ ಕಾಪ್ಲಿ ಪದಕವನ್ನಿತ್ತಿತ್ತು. ಲಿಯೇಜಿನ ಆ ಸಭೆಯ ಮೇಲೆ ಅವನು ಬಹುಕಾಲ ಇರಲಿಲ್ಲ. ಕೊಲೋನಿನಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ಪಾರ್ಶ್ವವಾಯು ಬಡಿದು, 1882ರ ಜನವರಿ 11ರಂದು, 71ನೆಯ ವಯಸ್ಸಿನಲ್ಲಿ ತೀರಿಕೊಂಡನು. ಲಿಯೇಜಿನಲ್ಲಿ ಅವನ ಪೀಠವನ್ನೇರಿದ್ದ ಲೆಯೋಂ ಫ್ರೆಡೆರಿಕ್ ಎಂಬವನು ಎರಡು ವರ್ಷಗಳ ಮೇಲೆ ಅವನ ಜೀವನಚರಿತ್ರೆಯನ್ನು ಬರೆದನು.